ಗುಲಗಂಜಿ ಚೆಲ್ಲಿದರೆ ಜಗಳ, ಗೌರಿಹೂ ಇಟ್ಟರೆ ಮಂಗಳ: ಬೇಲಿಯ ಹೂ–ಕಾಯಿಗಳ ನಂಬಿಕೆಯಲ್ಲಿ ವಿಜ್ಞಾನ ಎಷ್ಟು?

ಮನೆಯೊಳಗೆ ಗುಲಗಂಜಿ ಚೆಲ್ಲಿದರೆ ಜಗಳ ಗ್ಯಾರಂಟಿ. ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಮುಟ್ಟಬಾರದು. ಗೌರಿಹಬ್ಬಕ್ಕೆ ಗೌರಿಹೂ ಬೇಕೇ ಬೇಕು. ಕೇಪಳದ ಹಣ್ಣು ಎಷ್ಟು ತಿಂದರೂ ಪರವಾಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬೆಳೆದವರಿಗೆ ಇಂಥ ಮಾತುಗಳು ಹೊಸತಲ್ಲ. ಯಾರೂ ಇವನ್ನು ಪಾಠ ಮಾಡಿ ಹೇಳಿಕೊಟ್ಟಿಲ್ಲ. ಅಜ್ಜಿಯಿಂದ, ಅಕ್ಕಂದಿರಿಂದ, ಶಾಲೆಗೆ ಹೋಗುವ ದಾರಿಯಲ್ಲಿ ಜೊತೆಗಿದ್ದ ದೊಡ್ಡ ಮಕ್ಕಳಿಂದ ಕಿವಿಗೆ ಬಿದ್ದವು.

ಇಂಥ ನಂಬಿಕೆಗಳ ಬಗ್ಗೆ ಇಂದು ಎರಡು ಬಗೆಯ ಮಾತು ಕೇಳುತ್ತೇವೆ. ಒಂದು, 'ಇದೆಲ್ಲ ಬರೀ ಮೂಢನಂಬಿಕೆ'. ಇನ್ನೊಂದು, 'ಹಿರಿಯರು ಹೇಳಿದ್ದರ ಹಿಂದೆಲ್ಲ ವಿಜ್ಞಾನ ಇದೆ'. ವಾಟ್ಸಾಪಿನಲ್ಲಿ ಎರಡನೆಯದೇ ಹೆಚ್ಚು ಓಡಾಡುತ್ತದೆ. ಎರಡನ್ನೂ ಬದಿಗಿಟ್ಟು ಒಂದೊಂದೇ ಗಿಡವನ್ನು ಎತ್ತಿಕೊಂಡು ನೋಡೋಣ. ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ, ಈ ಗಿಡಗಳಲ್ಲಿ ಎರಡು ಮಕ್ಕಳ ಜೀವಕ್ಕೇ ಅಪಾಯ ತರಬಲ್ಲವು.

ಗುಲಗಂಜಿ: ಜಗಳದ ಬೀಜ

ಗುಲಗಂಜಿ ಬೇಲಿಗೆ ಹಬ್ಬುವ ತೆಳ್ಳಗಿನ ಬಳ್ಳಿ. ಎಲೆ ನೋಡಲು ಹುಣಸೆ ಎಲೆಯ ಹಾಗೆ. ಕೋಡು ಒಣಗಿ ಬಿರಿದಾಗ ಒಳಗಿನಿಂದ ಕೆಂಪು ಮೈ, ಕಪ್ಪು ಕಣ್ಣಿನ ಬೀಜಗಳು ಇಣುಕುತ್ತವೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಬ್ರಸ್ ಪ್ರಿಕಟೋರಿಯಸ್.

ಈ ಬೀಜದಲ್ಲಿ ಅಬ್ರಿನ್ ಎಂಬ ಪ್ರೋಟೀನ್ ಇದೆ. ಹರಳು ಬೀಜದಲ್ಲಿರುವ ರೈಸಿನ್ ಎಂಬ ವಿಷಕ್ಕೆ ಇದು ಹತ್ತಿರದ ಸಂಬಂಧಿ. ನಮ್ಮ ಪ್ರತಿ ಜೀವಕೋಶದೊಳಗೂ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಗಳಿವೆ. ಅಬ್ರಿನ್ ಕೋಶದೊಳಗೆ ಸೇರಿ ಈ ಕಾರ್ಖಾನೆಗಳನ್ನೇ ಕೆಡಿಸುತ್ತದೆ. ಪ್ರೋಟೀನ್ ಇಲ್ಲದೆ ಕೋಶ ಸಾಯುತ್ತದೆ. ಮೊದಲ ಪೆಟ್ಟು ಹೊಟ್ಟೆ ಮತ್ತು ಕರುಳಿಗೆ. ವಾಂತಿ, ಹೊಟ್ಟೆನೋವು, ರಕ್ತಭೇದಿ ಶುರುವಾಗಿ ಮೈಯ ನೀರು ಬತ್ತುತ್ತದೆ. ಹೆಚ್ಚು ವಿಷ ಸೇರಿದ್ದರೆ ಯಕೃತ್ತು, ಮೂತ್ರಪಿಂಡಗಳೂ ಸೋಲಬಹುದು. ಇದಕ್ಕೆ ಪ್ರತಿವಿಷ ಎಂಬುದಿಲ್ಲ. ಆಸ್ಪತ್ರೆಯಲ್ಲಿ ಮಾಡುವುದು ದೇಹ ಚೇತರಿಸಿಕೊಳ್ಳುವ ತನಕ ಅದಕ್ಕೆ ಆಸರೆ ಕೊಡುವ ಚಿಕಿತ್ಸೆ.

ಹಾಗಿದ್ದರೆ ಗುಲಗಂಜಿ ನುಂಗಿದ ಮಕ್ಕಳೆಲ್ಲ ಯಾಕೆ ಕಾಯಿಲೆ ಬೀಳುವುದಿಲ್ಲ? ಉತ್ತರ ಬೀಜದ ಸಿಪ್ಪೆಯಲ್ಲಿದೆ. ಅದು ಬಹಳ ಗಟ್ಟಿ. ಇಡೀ ಬೀಜ ನುಂಗಿದರೆ ಹಲವು ಸಲ ಅದು ಒಡೆಯದೆ ಹಾಗೇ ಹೊರಬರುತ್ತದೆ. ಅಗಿದರೆ, ಜಜ್ಜಿದರೆ, ಸೂಜಿಯಿಂದ ತೂತು ಮಾಡಿದರೆ ವಿಷಕ್ಕೆ ದಾರಿ ತೆರೆದಂತೆ. ಸರ ಪೋಣಿಸಿದ ಗುಲಗಂಜಿ ಬಿಡಿ ಬೀಜಕ್ಕಿಂತ ಹೆಚ್ಚು ಅಪಾಯಕಾರಿ ಆಗುವುದು ಇದಕ್ಕೇ. ಬ್ರಿಟನ್ನಿನ ಈಡನ್ ಪ್ರಾಜೆಕ್ಟ್ ಎಂಬ ಪ್ರಸಿದ್ಧ ಸಸ್ಯೋದ್ಯಾನ 2011ರಲ್ಲಿ ತಾನು ಮಾರಿದ್ದ ಕೆಂಪು–ಕಪ್ಪು ಬೀಜದ ಕೈಬಳೆಗಳನ್ನು ವಾಪಸ್ ಕೇಳಿತು. ಅವು ಗುಲಗಂಜಿಯವು ಎಂದು ಆಗ ತಿಳಿದುಬಂದಿತ್ತು.

ಈಗ ನಂಬಿಕೆಗೆ ಬರೋಣ. 'ಜಗಳ ಆಗುತ್ತದೆ' ಎಂಬ ಹೆದರಿಕೆ ಮಕ್ಕಳ ಕೈಯಿಂದ ಗುಲಗಂಜಿಯನ್ನು ದೂರ ಇಡಲು ಹಿರಿಯರು ಹೂಡಿದ ಉಪಾಯವೇ? ಕೇಳಲು ಚೆನ್ನಾಗಿದೆ. ಆದರೆ ಹಿರಿಯರೇ ಗುಲಗಂಜಿಯನ್ನು ಬೇರೆ ಕಡೆ ಹೇಗೆ ಬಳಸಿದ್ದಾರೆ ನೋಡಿ. ಅಕ್ಕಸಾಲಿಗರು ಇದರಲ್ಲಿ ಚಿನ್ನ ತೂಗಿದರು. ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ, 96 ಗುಲಗಂಜಿಗೆ ಒಂದು ತೊಲ. ಮಣ್ಣಿನ ಗೊಂಬೆಗಳಿಗೆ ಇದನ್ನೇ ಕಣ್ಣಾಗಿ ಅಂಟಿಸಿದರು, ಸರ ಮಾಡಿ ಹಾಕಿಕೊಂಡರು. 'ಗುಲಗಂಜಿಯಷ್ಟೂ ಬಿಡಲಾರೆ' ಎಂಬ ಮಾತೂ ಹುಟ್ಟಿತು. ವಿಷ ಎಂಬ ಕಾರಣಕ್ಕೆ ದೂರ ಇಟ್ಟಿದ್ದರೆ ಇಷ್ಟು ಹತ್ತಿರ ತರುತ್ತಿರಲಿಲ್ಲ. ನಂಬಿಕೆಯ ಮಾತನ್ನೂ ಗಮನಿಸಿ: ಅದು ಚೆಲ್ಲಬೇಡಿ ಎನ್ನುತ್ತದೆ, ತಿನ್ನಬೇಡಿ ಎನ್ನುವುದಿಲ್ಲ.

ವಿಷದ ಅರಿವು ನಮ್ಮಲ್ಲಿ ಇರಲಿಲ್ಲ ಎಂದಲ್ಲ. ಚೆನ್ನಾಗಿಯೇ ಇತ್ತು. ಆಯುರ್ವೇದದ ಗ್ರಂಥಗಳು ಗುಂಜಾ ಎಂಬ ಹೆಸರಿನಲ್ಲಿ ಇದನ್ನು 'ಉಪವಿಷ'ಗಳ ಪಟ್ಟಿಗೆ ಸೇರಿಸಿವೆ, ಶೋಧನೆ ಮಾಡದೆ ಬಳಸಬಾರದು ಎಂದಿವೆ. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದಲ್ಲಿ ಚರ್ಮದ ಆಸೆಗೆ ಗುಲಗಂಜಿ ಅರೆದು ಮಾಡಿದ ಮೊಳೆಯನ್ನು ದನಕ್ಕೆ ಚುಚ್ಚಿ ಕೊಲ್ಲುವ ಅಪರಾಧಗಳು ನಡೆಯುತ್ತಿದ್ದವು. ಅಂದರೆ ವಿಷದ ತಿಳಿವಳಿಕೆ ವೈದ್ಯರ ಬಳಿ ಒಂದು ದಾರಿಯಲ್ಲಿ ಸಾಗಿತು, ಜಗಳದ ನಂಬಿಕೆ ಮನೆಯಂಗಳದಲ್ಲಿ ಇನ್ನೊಂದು ದಾರಿಯಲ್ಲಿ ಸಾಗಿತು. ಎರಡೂ ಒಂದೇ ಬೀಜದ ಮೇಲೆ ಕೂತಿವೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು.

ಚೆನ್ನೆಮಣೆ: ಅಪಾಯವೇ ಇಲ್ಲದ ನಿಷೇಧ

ಜೋರು ಮಳೆಯ ಆಟಿ ತಿಂಗಳಲ್ಲಿ, ಹೊರಗೆ ಕೆಲಸವಿಲ್ಲದಾಗ, ಜಗಲಿಯಲ್ಲಿ ಚೆನ್ನೆಮಣೆ ಹೊರಬರುತ್ತಿತ್ತು. ಮರದ ಮಣೆಯಲ್ಲಿ ಎದುರು ಬದುರು ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕಾಯಿ ಎಂದರೆ ಹೆಚ್ಚಾಗಿ ಮಂಜಟ್ಟಿ ಬೀಜ, ಸಿಗದಿದ್ದರೆ ಹುಣಸೆ ಬೀಜ ಅಥವಾ ಕವಡೆ. ಎಣಿಕೆ, ಕೂಡುವುದು, ಕಳೆಯುವುದು, ಎದುರಾಳಿಯ ಮುಂದಿನ ನಡೆ ಊಹಿಸುವುದು ಎಲ್ಲ ಇದರಲ್ಲಿ ತಾನಾಗಿ ಕಲಿಯುವಂಥದು.

ಈ ಆಟಕ್ಕೂ ನಿಷೇಧಗಳಿವೆ. ಆಟಿ ಮುಗಿದ ಮೇಲೆ ಆಡಬಾರದು, ಅಕ್ಕ–ತಂಗಿ ಎದುರು ಬದುರು ಕೂತು ಆಡಬಾರದು. ಬ್ರಹ್ಮಾವರದ ಆಸುಪಾಸಿನಲ್ಲಿ ಕುಂದಾಪ್ರ ಕನ್ನಡದ ಜೊತೆಗೆ ತುಳುವೂ ಕಿವಿಗೆ ಬೀಳುತ್ತದೆ. ತುಳುವಿನ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ–ದಾರಗರು ಚೆನ್ನೆಯಾಡುವಾಗ ಜಗಳವಾಗುತ್ತದೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಮತ್ತು ಸಂಗಡಿಗರು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ.

ಚೆನ್ನೆಮಣೆಯನ್ನು ಚಳಿಗಾಲದಲ್ಲಿ ಆಡಿದರೆ ದೇಹಕ್ಕೆ ಏನೂ ಆಗುವುದಿಲ್ಲ. ಇಲ್ಲಿ ನಿಷೇಧವಿದೆ, ಅಪಾಯವಿಲ್ಲ. ಬಿಸಿಲು ಬಂದ ಮೇಲೆ ಗದ್ದೆ ಕೆಲಸ ಬಿಟ್ಟು ಆಟಕ್ಕೆ ಕೂರದಿರಲಿ ಎಂಬ ಲೆಕ್ಕಾಚಾರ ಇದ್ದೀತು ಎಂದು ಊಹಿಸಬಹುದು. ಆದರೆ ಅದು ಊಹೆಯೇ. ಆ ಕಥೆಯ ಕೆಲಸ ಬೇರೆ. ಒಡಹುಟ್ಟಿದವರ ನಡುವೆಯೂ ಪೈಪೋಟಿ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಅದು ಹೇಳುತ್ತದೆ.

ಒಂದು ಮಾತು ಇಲ್ಲಿ ಮುಖ್ಯ. ಮಂಜಟ್ಟಿಗೆ ಆನೆಗುಲಗಂಜಿ ಎಂಬ ಹೆಸರೂ ಇದೆ. ಹೆಸರು ಹತ್ತಿರ, ಬಣ್ಣವೂ ಹತ್ತಿರ, ಆದರೆ ಗಿಡ ಬೇರೆ. ಮಂಜಟ್ಟಿ ದೊಡ್ಡ ಮರ. ಬೀಜ ಪೂರ್ತಿ ಕೆಂಪು, ಕಪ್ಪು ಚುಕ್ಕೆ ಇಲ್ಲ, ಎರಡೂ ಬದಿ ಉಬ್ಬಿ ಅಂಚು ಚಪ್ಪಟೆಯಾಗಿರುತ್ತದೆ, ತೂಕ ಸುಮಾರು ಕಾಲು ಗ್ರಾಂ. ಗುಲಗಂಜಿಯದು ಸಣ್ಣ ಮೊಟ್ಟೆಯಾಕಾರ, ತುದಿಯಲ್ಲಿ ಕಪ್ಪು. ಮಂಜಟ್ಟಿಯಲ್ಲಿ ಅಬ್ರಿನ್ ಇಲ್ಲ. ಹಾಗೆಂದು ಹಸಿಯಾಗಿ ತಿನ್ನುವ ಕಾಯಿಯೂ ಅದಲ್ಲ. ಹಳೆಯ ಚೆನ್ನೆಮಣೆ ಹೊರತೆಗೆದು ಮಕ್ಕಳಿಗೆ ಕೊಡುವ ಮುನ್ನ ಕಾಯಿಗಳನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಕಣ್ಣಿನವು ಸೇರಿಕೊಂಡಿದ್ದರೆ ತೆಗೆದುಬಿಡಿ.

ಗೌರಿಹೂ: ಪೂಜೆಯ ಹೂವಿನ ವಿಷ

ಗುಲಗಂಜಿಗೆ ಅಪಶಕುನದ ಹೆಸರಿದ್ದರೆ ಗೌರಿಹೂವಿಗೆ ತದ್ವಿರುದ್ಧವಾದ ಪಟ್ಟ. ಮಳೆಗಾಲದಲ್ಲಿ ಬೇಲಿಯ ಮೇಲೆ, ಹಾಡಿಯ ಅಂಚಿನಲ್ಲಿ ಬೆಂಕಿಯ ನಾಲಗೆಯಂತೆ ಆರು ಎಸಳು ಮೇಲೆ ಮಾಡಿ ಅರಳುವ ಹೂ ಇದು. ಮೊದಲು ಹಸಿರು–ಹಳದಿ, ಆಮೇಲೆ ಕಡುಗೆಂಪು. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದು ಏರುತ್ತದೆ. ಭಾದ್ರಪದದ ಹೊತ್ತಿಗೆ ಅರಳುವುದರಿಂದ ಕರಾವಳಿಯ ಹಲವೆಡೆ ಇದು ಗೌರಿಯ ಹೂ. ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ.

ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಜೀವಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ನವಿರು ಎಳೆಗಳಿರುತ್ತವೆ. ಕಾಲ್ಚಿಸಿನ್ ಆ ಎಳೆಗಳು ಕಟ್ಟದಂತೆ ತಡೆಯುತ್ತದೆ. ಹಾಗಾಗಿ ಬೇಗ ಬೇಗ ಕೋಶ ಹುಟ್ಟುವ ಕಡೆಗಳಾದ ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲಿನ ಬುಡಕ್ಕೆ ಪೆಟ್ಟು. ತಿಂದ ಕೆಲವು ಗಂಟೆಗಳ ಬಳಿಕ ವಾಂತಿ–ಭೇದಿ, ನಂತರದ ದಿನಗಳಲ್ಲಿ ರಕ್ತಕಣಗಳ ಕುಸಿತ. ಬದುಕಿ ಉಳಿದವರಲ್ಲೂ ಒಂದೆರಡು ವಾರದಲ್ಲಿ ಕೂದಲು ಉದುರುವುದುಂಟು. ಶ್ರೀಲಂಕಾ ಮತ್ತು ದಕ್ಷಿಣ ಭಾರತದಲ್ಲಿ ಇದರ ಗೆಡ್ಡೆಯನ್ನು ತಿನ್ನುವ ಗೆಣಸೆಂದು ಭ್ರಮಿಸಿ ತಿಂದು ಸತ್ತವರಿದ್ದಾರೆ.

ಇದೇ ಕಾಲ್ಚಿಸಿನ್ ಸಂಧಿವಾತದ ಒಂದು ಬಗೆಯಾದ ಗೌಟ್‌ಗೆ ಔಷಧಿ. ಆದರೆ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂನಷ್ಟು, ಅದೂ ಅಳೆದು ಕೊಟ್ಟದ್ದು. ಗೆಡ್ಡೆಯಲ್ಲಿ ಎಷ್ಟಿದೆ ಎಂದು ಕಣ್ಣಿನಲ್ಲಿ ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. 'ಔಷಧಿಗೂ ಬಳಸುತ್ತಾರಲ್ಲ' ಎಂಬ ಧೈರ್ಯ ಇಲ್ಲಿ ಸಲ್ಲದು.

ಇನ್ನೊಂದು ಕುತೂಹಲದ ಸಂಗತಿ. ಮರಾಠಿಯಲ್ಲಿ ಈ ಹೂವಿಗೆ 'ಕಳಲಾವಿ' ಎನ್ನುತ್ತಾರೆ. ಅದನ್ನು 'ಜಗಳ ಹಚ್ಚುವವಳು' ಎಂದು ಅರ್ಥಮಾಡಿ, ಮನೆಯಲ್ಲಿಟ್ಟರೆ ಕಲಹ ಎನ್ನುವವರು ಅಲ್ಲಿದ್ದಾರೆ. ಆದರೆ 'ಕಳ' ಎಂದರೆ ಹೆರಿಗೆ ನೋವೂ ಹೌದು. ಹಿಂದೆ ಹೆರಿಗೆ ಆಗಿಸಲು, ಗರ್ಭ ತೆಗೆಯಲು ಈ ಗೆಡ್ಡೆ ಬಳಸುತ್ತಿದ್ದುದರಿಂದ ಆ ಹೆಸರು ಬಂತು ಎಂಬ ವಿವರಣೆಯೂ ಇದೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂಬುದರ ಜೊತೆಗೆ ಗರ್ಭಪಾತಿನಿ ಎಂಬ ಹೆಸರೂ ಇದೆ. ಲಾಂಗಲಿಯೂ ಗುಂಜಾದಂತೆಯೇ ಉಪವಿಷ. ಭಾರತ ಸರ್ಕಾರದ 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಇ(1) ಅನುಸೂಚಿಯಲ್ಲಿ, ವಿಷಕಾರಿ ವಸ್ತುಗಳ ಪಟ್ಟಿಯಲ್ಲಿ, ಎರಡೂ ಇವೆ.

ಒಂದೇ ಗಿಡ, ಒಂದೇ ವಿಷ. ಅಲ್ಲಿ ಕಲಹದ ಹೂ, ಇಲ್ಲಿ ಗೌರಿಯ ಹೂ. ನಂಬಿಕೆ ಹುಟ್ಟುವುದು ವಿಷವನ್ನು ನೋಡಿಯೇ ಆಗಿದ್ದರೆ ಎರಡೂ ಕಡೆ ಒಂದೇ ಮಾತು ಇರಬೇಕಿತ್ತು. ಇಲ್ಲಿಂದ ಕಲಿಯಬೇಕಾದ ಪಾಠ ಸರಳ: ಪೂಜೆಗೆ ಸಲ್ಲುತ್ತದೆ ಎಂದರೆ ಬಾಯಿಗೆ ಸಲ್ಲುತ್ತದೆ ಎಂದಲ್ಲ. ಹೂ ದೇವರ ಮುಂದಿಡಲು ಅಡ್ಡಿಯಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಪ್ರಸಾದದ ತಟ್ಟೆಯಲ್ಲಿ ಬೆರೆಸಬೇಡಿ. ಬಾಡಿದ ಹೂ, ಬಳ್ಳಿಯನ್ನು ದನದ ಹಟ್ಟಿಗೂ ಹಾಕಬೇಡಿ.

ಕೇಪಳ ಮತ್ತು ನಾಚಿಕೆಮುಳ್ಳು: ಹೆದರದೆ ಆಡಿದ ಗಿಡಗಳು

ಕೇಪಳ, ಕೇಪುಳ, ಕಿಸ್ಕಾರ ಎಂದು ಊರಿಗೊಂದು ಹೆಸರಿನಲ್ಲಿ ಕರೆಯುವ ಕೆಂಪು ಹೂಗೊಂಚಲು ಮಕ್ಕಳ ಅಚ್ಚುಮೆಚ್ಚು. ದೈವದ ಗುಡಿಗೂ ಇದೇ ಬೇಕು. ಹೂವಿನ ಕೊಳವೆ ಉದ್ದ, ಸಪೂರ. ಚಿಟ್ಟೆಯ ಉದ್ದ ನಾಲಗೆಗೆ ಮಾತ್ರ ನಿಲುಕಲಿ ಎಂದು ಬುಡದಲ್ಲಿ ಮಕರಂದ ಇರುತ್ತದೆ. ನಡುವಿನ ಎಳೆಯನ್ನು ನಿಧಾನ ಎಳೆದರೆ ತುದಿಗೆ ಒಂದು ಹನಿ ಸಿಹಿ ಬರುತ್ತದೆ ಎಂಬುದನ್ನು ಮಕ್ಕಳು ಯಾವ ಪುಸ್ತಕವೂ ಇಲ್ಲದೆ ಕಂಡುಕೊಂಡಿದ್ದಾರೆ. ಒಂದು ಹೂವಿನ ಕೊಳವೆಯನ್ನು ಇನ್ನೊಂದರ ಬಾಯಿಗೆ ಸಿಕ್ಕಿಸುತ್ತ ಹೋದರೆ ದಾರವಿಲ್ಲದ ಸರ. ಕಪ್ಪು ಛಾಯೆಯ ಕೆಂಪಿಗೆ ತಿರುಗಿದ ಹಣ್ಣು ತಿನ್ನಲು ಬರುತ್ತದೆ. ಇಲ್ಲಿ ಮಕ್ಕಳ ಅನುಭವ ಮತ್ತು ಸಸ್ಯಶಾಸ್ತ್ರ ಒಂದೇ ಮಾತು ಹೇಳುತ್ತವೆ. ಇಂದಿನ ಎಚ್ಚರಿಕೆ ಒಂದೇ: ಪೇಟೆಯ ಉದ್ಯಾನಗಳಲ್ಲಿ ಬೆಳೆಸುವ ತಳಿಗಳಿಗೆ ಕೀಟನಾಶಕ ಹೊಡೆದಿರಬಹುದು.

ನಾಚಿಕೆಮುಳ್ಳಿನದು ಬೇರೆ ಪಾಠ. ಮುಟ್ಟಿದರೆ ಮುನಿಯುವ ಈ ಗಿಡದ ಸುತ್ತ ಮಕ್ಕಳ ಆಟ, ಹಾಡು, ಒಗಟು ಎಲ್ಲ ಬೆಳೆದಿವೆ. ಎಲೆಯ ಬುಡದ ಉಬ್ಬಿನಲ್ಲಿರುವ ಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳ ಹಿಂದೆಯೇ ನೀರೂ ಹೊರಹೋಗಿ ಅವು ಸೊರಗುತ್ತವೆ, ಎಲೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನೀರು ಮರಳಿದಾಗ ಎಲೆ ಅರಳುತ್ತದೆ. ಈ ಗಿಡ ಅಮೆರಿಕ ಖಂಡದ ಉಷ್ಣವಲಯದ್ದು. ಅಂದರೆ ಕೊಲಂಬಸ್ ಆ ಖಂಡ ಮುಟ್ಟಿದ 1492ರ ನಂತರವೇ ಇಲ್ಲಿಗೆ ಬಂದದ್ದು. ನಮ್ಮ ನಾಚಿಕೆಮುಳ್ಳಿನ ಹಾಡು–ಒಗಟುಗಳೆಲ್ಲ ಆಮೇಲಿನವು. ಜಾನಪದ ಎಂದೊಡನೆ ಸಾವಿರಾರು ವರ್ಷದ್ದು ಎಂದುಕೊಳ್ಳಬೇಕಿಲ್ಲ. ಹೊಸ ಗಿಡ ಬಂದರೆ ಹೊಸ ಕಥೆಯನ್ನು ಜನ ಕಟ್ಟಿಕೊಳ್ಳುತ್ತಾರೆ.

ಬೇರೆ ದೇಶದಲ್ಲೂ ಹೀಗೆಯೇ

ಇಂಗ್ಲೆಂಡಿನ ಕಾಡುಗಳಲ್ಲಿ ವಸಂತಕಾಲದಲ್ಲಿ ನೀಲಿ ಕಂಬಳಿ ಹಾಸಿದಂತೆ ಬ್ಲೂಬೆಲ್ ಹೂ ಅರಳುತ್ತದೆ. ಅದು ಯಕ್ಷಿಯರ ಗಂಟೆ, ಅದರ ನಾದ ಕೇಳಿದವರು ಸಾಯುತ್ತಾರೆ, ಹೂ ಕೀಳಲು ಹೋದ ಮಕ್ಕಳನ್ನು ಯಕ್ಷಿಯರು ದಾರಿ ತಪ್ಪಿಸುತ್ತಾರೆ ಎಂಬ ನಂಬಿಕೆಗಳಿದ್ದವು. ಆ ಗಿಡದಲ್ಲೂ ವಿಷವಿದೆ. ಹಾಗಾಗಿ ಅಲ್ಲಿಯೂ 'ಮಕ್ಕಳನ್ನು ಕಾಪಾಡಲು ಹಿರಿಯರು ಕಟ್ಟಿದ ಕಥೆ' ಎನ್ನುವವರಿದ್ದಾರೆ. ಆದರೆ ಅದೇ ಜನ ಅದರ ಗೆಡ್ಡೆಯ ಅಂಟನ್ನು ಪುಸ್ತಕ ಕಟ್ಟಲು, ಬಾಣಕ್ಕೆ ಗರಿ ಅಂಟಿಸಲು ಬಳಸಿದರು. ಮಕ್ಕಳು ಕೈ ಕೈ ಹಿಡಿದು ಕಮಾನು ಮಾಡಿ ಅದರಡಿ ನುಸುಳುವ 'ಡಸ್ಟಿ ಬ್ಲೂಬೆಲ್ಸ್' ಎಂಬ ಆಟವನ್ನೂ ಆಡಿದರು. ಹೆದರಿಕೆ, ಬಳಕೆ, ಆಟ ಮೂರೂ ಒಂದೇ ಹೂವಿನ ಮೇಲೆ. ನಮ್ಮ ಗುಲಗಂಜಿಯ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಹಾಗಾದರೆ ನಂಬಿಕೆಗೆ ಬೆಲೆ ಇಲ್ಲವೇ?

ಮೇಲಿನ ಲೆಕ್ಕ ನೋಡಿ. ಗುಲಗಂಜಿಗೆ ನಿಷೇಧವೂ ಇದೆ, ಅಪಾಯವೂ ಇದೆ. ಚೆನ್ನೆಮಣೆಗೆ ನಿಷೇಧವಿದೆ, ಅಪಾಯವಿಲ್ಲ. ಗೌರಿಹೂವಿಗೆ ಅಪಾಯವಿದೆ, ನಿಷೇಧವಿಲ್ಲ. ಕೇಪಳಕ್ಕೆ ಎರಡೂ ಇಲ್ಲ. ಅಂದರೆ ನಂಬಿಕೆಯನ್ನು ನೋಡಿ ವಿಷ ಯಾವುದು ಎಂದು ಹೇಳಲಾಗದು. 'ಹಿರಿಯರು ಹೇಳಿದ್ದೆಲ್ಲ ವಿಜ್ಞಾನ' ಎಂಬ ಮಾತು ಇಲ್ಲಿ ಕೇವಲ ತಪ್ಪಲ್ಲ, ಅಪಾಯಕಾರಿ ಕೂಡ. ಗೌರಿಹೂವನ್ನು ನಂಬಿಕೆಯ ಮೇಲೆಯೇ ಸುರಕ್ಷಿತ ಎಂದುಕೊಂಡರೆ ಬೆಲೆ ತೆರುವವರು ಮಕ್ಕಳು.

ಆದರೆ ಈ ನಂಬಿಕೆ, ಹಾಡು, ಆಟಗಳು ಇನ್ನೊಂದು ಕೆಲಸ ಮಾಡುತ್ತಿದ್ದವು. ಅವು ಮಕ್ಕಳಿಗೆ ಗಿಡಗಳ ಹೆಸರು ಕಲಿಸುತ್ತಿದ್ದವು. ಸೋಣೆ ತಿಂಗಳಲ್ಲಿ ಹೊಸ್ತಿಲಿಗೆ ಹೂವಿಡಬೇಕು ಎಂದರೆ ಬೆಳಿಗ್ಗೆ ಹೋಗಿ ಹೂ ಹುಡುಕಬೇಕು. ಹೋಳಿಯಲ್ಲಿ ಗುಮಟೆ ಬಾರಿಸುವ ಕುಡುಬಿಯವರ ಮುಂಡಾಸಿಗೆ ಅಬ್ಬಲಿಗೆ ಸಿಂಗಾರ ಆಗಬೇಕು. ನವರಾತ್ರಿಯಲ್ಲಿ ಮಕ್ಕಳು ಹೂವಿನಿಂದ ಸಿಂಗರಿಸಿದ ಕೋಲು ಹಿಡಿದು ಮನೆಮನೆಗೆ ಹೋಗಿ ಯಕ್ಷಗಾನದ ಧಾಟಿಯಲ್ಲಿ ಸಂವಾದ ನಡೆಸುವ ಹೂವಿನಕೋಲು ಕುಂದಾಪುರ–ಬ್ರಹ್ಮಾವರ ಕಡೆಯದೇ ಸೊತ್ತು. ಇವೆಲ್ಲ ನಡೆಯಬೇಕಾದರೆ ಯಾವ ಹೂ ಎಲ್ಲಿ, ಯಾವಾಗ ಎಂದು ಗೊತ್ತಿರಬೇಕು. ಈ ಓಡಾಟದಲ್ಲಿ ಜೊತೆಗೊಬ್ಬರು ಹಿರಿಯರಿರುತ್ತಿದ್ದರು. 'ಅದ್ ಬಾಯಿಗ್ ಹಾಕ್ಬೇಡಿ ಮಕ್ಳೆ' ಎಂಬ ಮಾತು ಬರುತ್ತಿದ್ದುದು ಅಲ್ಲಿಂದ. ಮಕ್ಕಳನ್ನು ನಿಜವಾಗಿ ಕಾಪಾಡಿದ್ದು ಜಗಳದ ಹೆದರಿಕೆಗಿಂತ ಹೆಚ್ಚಾಗಿ ಈ ಜೊತೆ ಮತ್ತು ಈ ಗುರುತು.

ಈಗ ಮಕ್ಕಳು ಶಾಲೆಯ ವ್ಯಾನಿನಲ್ಲಿ ಹೋಗುತ್ತಾರೆ. ಮುಳ್ಳುಬೇಲಿಯ ಜಾಗದಲ್ಲಿ ಮುರಕಲ್ಲಿನ ಕಾಂಪೌಂಡು ಬಂದಿದೆ. ರಜೆಯಲ್ಲಿ ಬೆಂಗಳೂರು, ಮುಂಬಯಿ, ದುಬೈಯಿಂದ ಅಜ್ಜಿಮನೆಗೆ ಬರುವ ಮಗುವಿಗೆ ಹಾಡಿಯ ಅಂಚಿನ ಕೆಂಪು ಬೀಜ ಹೊಳೆಯುವ ಮಣಿ ಅಷ್ಟೇ. ಗಿಡ ಉಳಿದಿದೆ, ಅದರ ಗುರುತು ಹೇಳುವವರು ಕಡಿಮೆಯಾಗಿದ್ದಾರೆ. ಬಳ್ಳಿಗಳನ್ನೆಲ್ಲ ಕಡಿದು ಹಾಕುವುದು ಪರಿಹಾರವಲ್ಲ. ಮಕ್ಕಳ ಜೊತೆ ಬೇಲಿಯುದ್ದಕ್ಕೂ ಒಮ್ಮೆ ನಡೆದು ಗಿಡಗಳ ಗುರುತು ಹೇಳಿಕೊಡಿ. ಜಗಳದ ಕಥೆಯನ್ನೂ ಹೇಳಿ, ಅದರ ಜೊತೆಗೆ 'ಇದರೊಳಗೆ ವಿಷ ಇದೆ' ಎಂಬ ನಿಜವನ್ನೂ ಸೇರಿಸಿ. ಮಕ್ಕಳಿಗೆ ಎರಡೂ ಅರ್ಥವಾಗುತ್ತವೆ.

ಮಗು ತಿಂದೇಬಿಟ್ಟರೆ?

- ಬಾಯಲ್ಲಿ ಉಳಿದದ್ದನ್ನು ತೆಗೆದು, ಬಾಯಿ ತೊಳೆಸಿ.
- ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮನೆಮದ್ದಿಗೆ ಹೊತ್ತು ಕಳೆಯಬೇಡಿ.
- ಬೀಜ, ಹೂ ಅಥವಾ ಗೆಡ್ಡೆಯ ತುಂಡನ್ನು ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದು ದೊಡ್ಡ ಸಹಾಯ.
- ಎಷ್ಟು ಹೊತ್ತಿಗೆ, ಎಷ್ಟು ತಿಂದದ್ದು, ಅಗಿದಿತ್ತೇ ನುಂಗಿತ್ತೇ ಎಂದು ನೆನಪಿಟ್ಟು ಹೇಳಿ.
- 'ಈಗ ಚೆನ್ನಾಗಿಯೇ ಇದೆಯಲ್ಲ' ಎಂದು ಕಾಯಬೇಡಿ. ಗುಲಗಂಜಿ, ಗೌರಿಹೂ ಎರಡರಲ್ಲೂ ಲಕ್ಷಣ ಕಾಣಿಸಿಕೊಳ್ಳಲು ಗಂಟೆಗಳೇ ಹಿಡಿಯಬಹುದು. ಗುಲಗಂಜಿಯಲ್ಲಿ ಒಂದೆರಡು ದಿನವೂ ಆಗಬಹುದು.
- ಆಂಬ್ಯುಲೆನ್ಸ್‌ಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.